ಬೋರ್ಡು ಕನ್ನಡವಾಯಿತು, ಓದುವವರೆಲ್ಲಿ?

ಕನ್ನಡದ ಗೆಳೆಯರೇ,

ನಿಮಗೊಂದು ಪ್ರಶ್ನೆ. ಸಿಟ್ಟು ಮಾಡಿಕೊಳ್ಳಬೇಡಿ. ಮೆರವಣಿಗೆಯಲ್ಲಿ ನೀವು ಹಂಚುತ್ತೀರಲ್ಲ ಕರಪತ್ರ, ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಡವರಿಸದೆ ಓದಬಲ್ಲಿರಾ?

‘ಇದೂ ಒಂದು ಪ್ರಶ್ನೆಯಾ? ನಾವು ಕನ್ನಡಿಗರಲ್ಲವಾ?’ ಎನ್ನುತ್ತೀರಿ. ಕೇಳುವುದಕ್ಕೆ ಕಾರಣವಿದೆ. ನಾನು ಪ್ರಿಂಟಿಂಗ್ ಪ್ರೆಸ್ಸು ನಡೆಸುವವನು. ನವೆಂಬರ್ ಹತ್ತಿರ ಬಂತೆಂದರೆ ರಾಜ್ಯೋತ್ಸವದ ಕರಪತ್ರ, ವಾಲ್‌ಪೋಸ್ಟರು, ರಸೀದಿ ಪುಸ್ತಕ ಎಲ್ಲ ನಮ್ಮಲ್ಲೇ ಅಚ್ಚಾಗುತ್ತವೆ. ಕಳೆದ ವರ್ಷ ಒಬ್ಬ ಹುಡುಗ ಬಂದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಕೊರಳಲ್ಲಿ ಕೆಂಪು ಹಳದಿ ಶಾಲು. ಮಾತಿಗೆ ನಿಂತರೆ ಬೀದಿಯೇ ನಿಂತು ಕೇಳಬೇಕು, ಅಂಥ ಕನ್ನಡ. ಕರಪತ್ರದ ಪ್ರೂಫ್ ತೆಗೆದು ಕೈಗೆ ಕೊಟ್ಟೆ. ‘ಓದಿ ಸಹಿ ಹಾಕಪ್ಪ, ಆಮೇಲೆ ತಪ್ಪಿದೆ ಅಂದರೆ ನಾನು ಜವಾಬ್ದಾರನಲ್ಲ’ ಎಂದೆ. ಅವನು ಹಾಳೆ ನೋಡಿದ. ಆ ಕಡೆ ಈ ಕಡೆ ನೋಡಿದ. ಮೊಬೈಲ್ ತೆಗೆದು ಪ್ರೂಫಿನ ಫೋಟೋ ಹೊಡೆದು ಯಾರಿಗೋ ಕಳಿಸಿದ. ‘ನೀನೇ ಓದಬಹುದಲ್ಲ’ ಎಂದಾಗ ದನಿ ತಗ್ಗಿಸಿ ಹೇಳಿದ: ‘ಅಣ್ಣ, ಒತ್ತಕ್ಷರ ಜಾಸ್ತಿ ಇದ್ರೆ ಆಗಲ್ಲ. ಮೊದಲಕ್ಷರ ನೋಡಿ ಅಂದಾಜಲ್ಲಿ ಓದ್ಕೊಂಡು ಹೋಗ್ತೀನಿ.’

ಕೂರಿಸಿಕೊಂಡು ಓದಿಸಿ ನೋಡಿದೆ. ‘ಸಂಕಲ್ಪ’ ಎಂದಿದ್ದಲ್ಲಿ ‘ಸಂಬಳ’ ಎಂದ. ‘ನಿರ್ಲಕ್ಷ್ಯ’ ಬಂದಲ್ಲಿ ಸುಮ್ಮನೆ ದಾಟಿ ಮುಂದಿನ ಪದಕ್ಕೆ ಹೋದ. ಮನೆಮಾತು ಕನ್ನಡ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಎಸ್‌ಎಸ್‌ಎಲ್‌ಸಿ ಪಾಸು. ದಡ್ಡನಂತೂ ಅಲ್ಲವೇ ಅಲ್ಲ. ಹಾಗಾದರೆ ಅವನ ಕನ್ನಡವನ್ನು ಕಿತ್ತುಕೊಂಡವರು ಯಾರು? ತಮಿಳರಾ? ಹಿಂದಿಯವರಾ? ಇಂಗ್ಲಿಷಿನವರಾ?

ಯಾರೂ ಅಲ್ಲ ಗೆಳೆಯರೇ. ಅವನಿಗೆ ಓದು ಕಲಿಸಿರಲಿಲ್ಲ, ಅಷ್ಟೇ.

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಿಳಿದು ನಾಮಫಲಕಕ್ಕಾಗಿ ಹೋರಾಡಿದೆವು. ಬಂಧನ, ಕೇಸು, ಜೈಲು ಎಲ್ಲ ಆಯಿತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಲೇಬೇಕು ಎಂದಾಯಿತು. ಗೆಲುವೇ ಸರಿ. ಆದರೆ ಆ ಫಲಕದ ಕೆಳಗೆ ನಿಂತ ಕನ್ನಡದ ಮಗುವೇ ಅದನ್ನು ಅಂದಾಜಲ್ಲಿ ಓದುತ್ತಿದ್ದರೆ ಗೆದ್ದದ್ದು ಏನನ್ನು?

ಇದು ಒಬ್ಬ ಹುಡುಗನ ಕತೆಯಲ್ಲ. ‘ಪ್ರಥಮ್’ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸಿ ನೋಡುತ್ತಿದೆ. ‘ಅಸರ್’ ವರದಿ ಎಂದು ಅದಕ್ಕೆ ಹೆಸರು. 2022ರ ವರದಿಯ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ 3ನೇ ತರಗತಿಯ ನೂರು ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಹತ್ತು ಮಂದಿಯೂ ಇರಲಿಲ್ಲ! ‘ಕೊರೋನಾ ಬಂದಿತ್ತಲ್ಲ’ ಎನ್ನಬೇಡಿ. ಕೊರೋನಾಕ್ಕೆ ಮುಂಚೆ, 2018ರಲ್ಲೂ ಅದು ಇಪ್ಪತ್ತು ಮುಟ್ಟಿರಲಿಲ್ಲ.

ಓದು ಕಲಿಸುವುದು ಹೇಗೆ ಎಂಬ ಬಗ್ಗೆ ಜಗತ್ತಿನಲ್ಲಿ ಐವತ್ತು ವರ್ಷಗಳ ಸಂಶೋಧನೆ ನಡೆದಿದೆ. ಕನ್ನಡದ ಮಕ್ಕಳ ಮೇಲೂ ನಡೆದಿದೆ. ಆದರೆ ಆ ಮಾತೆತ್ತಿದರೆ ಸಾಕು, ನಮ್ಮವರೇ ತಪ್ಪು ಕಲ್ಪನೆಗಳ ಗಂಟು ತಂದು ಎದುರಿಗಿಡುತ್ತಾರೆ. ಇವತ್ತು ಆ ಗಂಟು ಬಿಚ್ಚೋಣ. ನಾನು ಪಂಡಿತನಲ್ಲ, ಪಿಯುಸಿಗೆ ಓದು ನಿಲ್ಲಿಸಿದವನು. ಆದರೆ ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಬೆಳೆದವನು. ಕನ್ನಡದ ಅಕ್ಷರ ಎಂದರೇನು ಎಂಬುದು ನನ್ನ ಬೆರಳಿಗೆ ಗೊತ್ತು. ಮಿಕ್ಕದ್ದನ್ನು ಓದಿ, ಕೇಳಿ ತಿಳಿದುಕೊಂಡೆ.

‘ಕನ್ನಡ ಬರೆದಂತೆ ಓದುವ ಭಾಷೆ, ಕಲಿಸುವುದೇನಿದೆ?’

ಇದು ನಮ್ಮ ಹೆಮ್ಮೆಯ ಮಾತು. ಭಾಷಣದಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಆದರೆ ಮಕ್ಕಳಿಗೆ ಹೆಚ್ಚು ಅನ್ಯಾಯ ಮಾಡಿರುವುದೂ ಇದೇ ಮಾತು.

ಹಳೆಯ ಪ್ರೆಸ್ಸಿನಲ್ಲಿ ಇಂಗ್ಲಿಷಿನ ಮೊಳೆ ಜೋಡಿಸುವುದನ್ನು ಹೊಸ ಹುಡುಗ ಬೇಗ ಕಲಿಯುತ್ತಿದ್ದ. 26 ಅಕ್ಷರ, ದೊಡ್ಡದೊಂದು ಚಿಕ್ಕದೊಂದು. ಕನ್ನಡದ ಕೇಸಿನ ಮುಂದೆ ನಿಲ್ಲಿಸಿದರೆ ಬೆವರುತ್ತಿದ್ದ. ಎಷ್ಟೊಂದು ಮನೆಗಳು! ತಲೆಕಟ್ಟಿನದು ಬೇರೆ, ಗುಡಿಸಿನದು ಬೇರೆ, ಕೊಂಬು ಬೇರೆ, ಒತ್ತುಗಳದ್ದೇ ಇನ್ನೊಂದು ಸಂಸಾರ. ಕೇಸು ಕೈಗೆ ಹತ್ತಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಅವನಾದರೂ ಮೀಸೆ ಬಂದ ಹುಡುಗ. ಆರು ವರ್ಷದ ಕೂಸಿನ ಪಾಡೇನು?

ಲೆಕ್ಕ ಹಾಕಿ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ. ಒಂದೊಂದಕ್ಕೂ ಕ, ಕಾ, ಕಿ, ಕೀ ಎಂದು ಕಃ ವರೆಗೆ 15 ರೂಪ. 34ನ್ನು 15ರಿಂದ ಗುಣಿಸಿದರೆ 510. ಕಾಗುಣಿತ ಒಂದೇ ಇಷ್ಟಾಯಿತು. ಇದರ ಮೇಲೆ ಒತ್ತಕ್ಷರ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಯಾರಾದರೂ ತೋರಿಸಿಕೊಡದೆ ಮಗುವಿಗೆ ಅದು ಹೊಳೆಯುವುದು ಹೇಗೆ?

ಇನ್ನು ‘ಬರೆದಂತೆ ಓದುತ್ತೇವೆ’ ಎಂಬ ಜಂಬ. ‘ಸೂರ್ಯ’ ಬರೆದು ನೋಡಿ. ಸೂ ಬರೆದಿರಿ, ಯ ಬರೆದಿರಿ, ಆಮೇಲೆ ಅರ್ಕಾವತ್ತು ಹಾಕಿದಿರಿ. ಓದುವಾಗ? ಕೊನೆಗೆ ಬರೆದ ರ್ ಮೊದಲು ಬರುತ್ತದೆ, ಯ ಆಮೇಲೆ! ಸೊನ್ನೆಯನ್ನೇ ತೆಗೆದುಕೊಳ್ಳಿ. ಅಂಕ, ಪಂಚ, ಗಂಟೆ, ಅಂದ, ಕಂಬ. ಐದೂ ಕಡೆ ಒಂದೇ ಸೊನ್ನೆ. ಬಾಯಲ್ಲಿ ಹೇಳಿ ನೋಡಿ, ಐದೂ ಕಡೆ ದನಿ ಬೇರೆ ಬೇರೆ ಜಾಗದಲ್ಲಿ ಹುಟ್ಟುತ್ತದೆ. ನಮಗೆ ಅಭ್ಯಾಸವಾಗಿದೆ, ಹಾಗಾಗಿ ಕಾಣುವುದಿಲ್ಲ. ಮಗುವಿಗೆ ಇದು ಒಗಟು.

ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದನ್ನು ವರ್ಷಗಟ್ಟಲೆ ಗಮನಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಇಂಗ್ಲಿಷಿನ ಮಗು ಅಕ್ಷರಗಳನ್ನು ಶಾಲೆಯ ಮೊದಲ ವರ್ಷದಲ್ಲೇ ಕಲಿತು ಮುಗಿಸಿದರೆ, ಕನ್ನಡದ ಮಗುವಿಗೆ ಅಕ್ಷರಗಳೆಲ್ಲ ವಶವಾಗುವುದಕ್ಕೆ ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಇದು ಕನ್ನಡದ ದೋಷವಲ್ಲ. ಮಗುವಿನ ದೋಷವೂ ಅಲ್ಲ. ನಮ್ಮ ಲಿಪಿ ಕೇಳುವ ಸಮಯ ಅದು. ಆ ಸಮಯ ನಾವು ಕೊಡುತ್ತಿದ್ದೇವಾ? ಒಂದನೇ ಕ್ಲಾಸಿನಲ್ಲಿ ಅಕ್ಷರ, ಎರಡರಲ್ಲಿ ಕಾಗುಣಿತ, ಒತ್ತಕ್ಷರ. ಮೂರಕ್ಕೆ ಬಂದರೆ ‘ಓದು ಬಂದಿದೆ’ ಎಂದು ಲೆಕ್ಕ. ಅಲ್ಲಿಂದ ಮುಂದೆ ಅಕ್ಷರ ಕಲಿಸುವವರೇ ಇಲ್ಲ. ನನ್ನ ಪ್ರೆಸ್ಸಿಗೆ ಬಂದ ಹುಡುಗ ಕಳೆದುಹೋದದ್ದು ಇಲ್ಲೇ.

‘ಮಾತು ಬಂದಂತೆ ಓದೂ ತಾನಾಗಿ ಬರುತ್ತದೆ’

ಮಾತು ತಾನಾಗಿ ಬರುತ್ತದೆ, ನಿಜ. ತೊಟ್ಟಿಲ ಕೂಸಿಗೆ ಯಾರೂ ವ್ಯಾಕರಣ ಹೇಳಿಕೊಡುವುದಿಲ್ಲ. ಆದರೆ ಓದು ಹಾಗಲ್ಲ. ಮಾತು ಮನುಷ್ಯನ ಹುಟ್ಟುಗುಣ, ಲಿಪಿ ಮನುಷ್ಯ ಮಾಡಿಕೊಂಡ ಉಪಕರಣ. ಲಿಪಿಯೇ ಇಲ್ಲದೆ ಸಾವಿರಾರು ವರ್ಷ ಬಾಳಿದ ಭಾಷೆಗಳುಂಟು. ಉಪಕರಣವನ್ನು ಬಳಸುವುದು ಹೇಗೆಂದು ಹೇಳಿಕೊಡಬೇಕು.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಪಾಠ. ಅಲ್ಲಿ 1967ರಲ್ಲಿ ಕೆನೆತ್ ಗುಡ್‌ಮನ್ ಎಂಬ ಶಿಕ್ಷಣ ತಜ್ಞ ಓದು ಎಂದರೆ ಒಂದು ಬಗೆಯ ಊಹೆಯ ಆಟ ಎಂದು ಪ್ರತಿಪಾದಿಸಿದ. ಪದವನ್ನು ಪೂರ್ತಿ ನೋಡಬೇಕಿಲ್ಲ, ಚಿತ್ರ ನೋಡು, ಮೊದಲಕ್ಷರ ನೋಡು, ಸಂದರ್ಭ ನೋಡು, ಅಂದಾಜು ಮಾಡು! ಒಳ್ಳೆಯ ಪುಸ್ತಕಗಳ ನಡುವೆ ಮಗುವನ್ನು ಬಿಟ್ಟರೆ ಓದು ಅರಳುತ್ತದೆ ಎಂಬ ಪಂಥ ಬೆಳೆಯಿತು. ಮಾತು ಕೇಳಲು ಚಂದ. ಆದರೆ ಓದುವವರ ಕಣ್ಣಿನ ಚಲನೆಯನ್ನು ಯಂತ್ರವಿಟ್ಟು ಅಳೆದಾಗ ನಿಜ ಹೊರಬಿತ್ತು. ಚೆನ್ನಾಗಿ ಓದುವವನು ಊಹಿಸುವುದಿಲ್ಲ. ಅವನ ಕಣ್ಣು ಹೆಚ್ಚುಕಡಿಮೆ ಪ್ರತಿ ಪದದ ಮೇಲೂ ನಿಲ್ಲುತ್ತದೆ, ಅದರ ಅಕ್ಷರಗಳನ್ನು ಹಿಡಿಯುತ್ತದೆ. ಅಂದಾಜಿನಲ್ಲಿ ಓದುವವನು ಓದು ಬಾರದವನು!

ನಮ್ಮ ಹುಡುಗ ‘ಸಂಕಲ್ಪ’ವನ್ನು ‘ಸಂಬಳ’ ಮಾಡಿದ್ದು ಇದೇ ಊಹೆಯ ಆಟದಲ್ಲಿ. ಅವನಿಗೆ ಯಾವ ಗುಡ್‌ಮನ್ನೂ ಕಲಿಸಲಿಲ್ಲ. ಅಕ್ಷರ ಕೈಕೊಟ್ಟಾಗ ಮಗು ತಾನೇ ಹಿಡಿಯುವ ಅಡ್ಡದಾರಿ ಅದು. ಅಮೆರಿಕದಲ್ಲಿ ಅದನ್ನು ಪಾಠವೆಂದು ಕಲಿಸಿದರು, ನಮ್ಮಲ್ಲಿ ಪಾಠ ಹೇಳದೆ ಕಲಿಸಿದೆವು. ಅಷ್ಟೇ ವ್ಯತ್ಯಾಸ.

‘ಸಂಶೋಧನೆ ಎಂದರೆ ಮತ್ತದೇ ಬಾಯಿಪಾಠ, ಮಕ್ಕಳ ಖುಷಿ ಹಾಳು’

ಇದು ಪಟ್ಟಣದ ಓದಿದ ತಂದೆತಾಯಿಗಳ ಆಕ್ಷೇಪ. ಅಕ್ಷರ, ಧ್ವನಿ ಎಂದು ತಿದ್ದಿಸುತ್ತ ಕೂತರೆ ಕತೆ ಯಾವಾಗ, ಹಾಡು ಯಾವಾಗ ಎನ್ನುತ್ತಾರೆ.

ಅಮೆರಿಕದ ಸಂಸತ್ತು 1997ರಲ್ಲಿ ರಾಷ್ಟ್ರೀಯ ಮಟ್ಟದ ಒಂದು ಓದು ಸಮಿತಿ ರಚಿಸುವಂತೆ ಕೇಳಿತು. ಅಲ್ಲಿಯವರೆಗಿನ ಸಂಶೋಧನೆಗಳನ್ನು ಜಾಲಾಡಿ ಆ ಸಮಿತಿ 2000ದಲ್ಲಿ ವರದಿ ಕೊಟ್ಟಿತು. ಅದು ಹೇಳಿದ್ದು ಒಂದಲ್ಲ, ಐದು. ಮಾತಿನೊಳಗಿನ ಧ್ವನಿಗಳನ್ನು ಕಿವಿ ಬಿಡಿಸಿ ಕೇಳಬೇಕು. ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಕ್ರಮವಾಗಿ ಕಲಿಸಬೇಕು. ತಡವರಿಸದೆ ಓದುವ ಓಟ ಬರಬೇಕು. ಪದಸಂಪತ್ತು ಬೆಳೆಯಬೇಕು. ಓದಿದ್ದು ಅರ್ಥವಾಗಬೇಕು. ಐದರಲ್ಲಿ ಅಕ್ಷರದ ನಂಟು ಒಂದು, ಅಷ್ಟೇ. ಮಿಕ್ಕ ನಾಲ್ಕನ್ನು ಬಿಟ್ಟು ಅದೊಂದನ್ನೇ ಅರೆದು ಕುಡಿಸಿ ಎಂದು ಯಾವ ಸಂಶೋಧನೆಯೂ ಹೇಳಿಲ್ಲ.

ಬಾಯಿಪಾಠ ಬೇರೆ, ಕ್ರಮಬದ್ಧ ಪಾಠ ಬೇರೆ. ಕಕಾಕಿಕೀ ಎಂದು ಹಾಡಿ ಮುಗಿಸಿದ ಮಗುವಿಗೆ ನಡುವಿನಿಂದ ‘ಕೊ’ ಒಂದನ್ನು ಬೆರಳಿಟ್ಟು ತೋರಿಸಿ. ಮತ್ತೆ ಮೊದಲಿನಿಂದ ಹಾಡಿಕೊಂಡು ಬರುತ್ತದೆ. ಅದು ಓದಲ್ಲ, ಹಾಡು. ಬೆರಳಿಟ್ಟ ಕೂಡಲೇ ‘ಕೊ’ ಎಂದು, ‘ಕೊಡೆ’, ‘ಕೊಳಲು’ ಎಂದು ಓದಿದರೆ ಅದು ಓದು.

ಖುಷಿಯ ಮಾತು ಎತ್ತಿದಿರಿ. ಸ್ವಾಮಿ, ಕತೆಪುಸ್ತಕ ಕೈಗೆ ಕೊಟ್ಟು ಓದಲು ಬಾರದಂತೆ ಮಾಡಿದರೆ ಖುಷಿ ಎಲ್ಲಿಂದ ಬರಬೇಕು? ಸೈಕಲ್ ತುಳಿಯಲು ಬಾರದವನಿಗೆ ಜಾತ್ರೆಗೆ ಸೈಕಲ್ಲಿನಲ್ಲಿ ಹೋಗು ಎಂದ ಹಾಗಾಯಿತು. ಕತೆ ಹೇಳಿ, ಹಾಡು ಹೇಳಿ, ದಿನವೂ ಹೇಳಿ. ಜೊತೆಗೇ ಅಕ್ಷರವನ್ನೂ ಕಲಿಸಿ. ಎರಡಕ್ಕೂ ಜಗಳವಿಲ್ಲ.

‘ಇದೆಲ್ಲ ಇಂಗ್ಲಿಷಿನವರ ಫೋನಿಕ್ಸು, ನಮಗೇಕೆ?’

ಈ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ಫೋನಿಕ್ಸ್ ಕ್ಲಾಸುಗಳ ಬೋರ್ಡು ನೋಡಿದ್ದೀರಿ. ಅದನ್ನೇ ಎತ್ತಿ ತಂದು ಕನ್ನಡದ ಮೇಲೆ ಅಂಟಿಸಿದರೆ ನಡೆಯುವುದಿಲ್ಲ. ಇಂಗ್ಲಿಷಿನ ಅಕ್ಷರ ಒಂದು ಬಿಡಿ ಧ್ವನಿಗೆ ಗುರುತು. ನಮ್ಮ ‘ಕ’ ಹಾಗಲ್ಲ. ಅದರಲ್ಲಿ ಕ್ ಇದೆ, ಅ ಕೂಡ ಇದೆ. ‘ಕಮಲ’ವನ್ನು ಬಿಡಿಸು ಎಂದರೆ ನಮ್ಮ ಮಗು ಕ-ಮ-ಲ ಎಂದು ಚಪ್ಪಾಳೆ ತಟ್ಟಿ ಹೇಳುತ್ತದೆ. ‘ಕ’ದೊಳಗಿನ ಕ್ ಬೇರೆ, ಅ ಬೇರೆ ಎಂದು ಬಿಡಿಸುವುದು ತಡವಾಗಿ ಬರುತ್ತದೆ. ಸೋನಾಲಿ ನಾಗ್ ಅವರ ಅಧ್ಯಯನದಲ್ಲಿ ಕಂಡದ್ದೂ ಇದೇ.

ಹಾಗೆಂದು ಬಿಡಿಸುವುದೇ ಬೇಡವೆಂದಲ್ಲ. ಕಾಗುಣಿತ ಎಂದರೇನು? ಕ್ ಅನ್ನು ಹಾಗೇ ಇಟ್ಟುಕೊಂಡು ಸ್ವರವನ್ನು ಬದಲಿಸುತ್ತ ಹೋಗುವುದು. ಈ ಗುಟ್ಟು ತಿಳಿದ ಮಗು ‘ಕ’ದಲ್ಲಿ ಕಲಿತ ಗುಡಿಸನ್ನು ‘ಮ’ಕ್ಕೂ ಹಾಕಬಲ್ಲದು. ತಿಳಿಯದ ಮಗು 510 ರೂಪಗಳನ್ನೂ ಒಂದೊಂದಾಗಿ ಉರು ಹೊಡೆಯಬೇಕು. ನಮ್ಮ ಹಿರಿಯರು ಕಟ್ಟಿಕೊಟ್ಟ ಕಾಗುಣಿತದಲ್ಲೇ ಧ್ವನಿಯ ವಿಜ್ಞಾನವಿದೆ. ಅದನ್ನು ಹಾಡಿಸುವುದು ಬಿಟ್ಟು ಅರ್ಥಮಾಡಿಸಿ ಎಂದು ಸಂಶೋಧನೆ ಹೇಳುತ್ತದೆ. ಕನ್ನಡದ ಸಂಶೋಧನೆಯನ್ನು ‘ಇಂಗ್ಲಿಷಿನದು’ ಎಂದು ಒದ್ದು ಓಡಿಸುವುದು ಅಭಿಮಾನವಲ್ಲ, ಅಜ್ಞಾನ!

‘ಅ ಆ ಇ ಈ ಬಿಟ್ಟರು, ಕನ್ನಡ ಕೆಡಿಸಿದರು’

ಈ ಕೂಗು ನಮ್ಮ ಹೋರಾಟಗಾರರ ಬಾಯಲ್ಲೇ ಹೆಚ್ಚು. ಹೆಗ್ಗಡದೇವನಕೋಟೆ ತಾಲೂಕಿನ ಶಾಲೆಗಳಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುವಾಯಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಮೊದಲು ಕಲಿಸಿದ್ದು ಅ ಆ ಇ ಈ ಅಲ್ಲ. ರ ಗ ಸ ದ ಅ. ‘ಅಯ್ಯೋ, ವರ್ಣಮಾಲೆಗೇ ಕೈ ಹಾಕಿದರು!’ ಎಂದು ಗುಲ್ಲೆದ್ದಿತು.

ಸ್ವಲ್ಪ ತಾಳಿ. ಅ, ಆ, ಇ, ಈ, ಉ ಇಷ್ಟನ್ನೇ ಇಟ್ಟುಕೊಂಡು ಪದ ಕಟ್ಟಿ ನೋಡೋಣ. ‘ಆ’, ‘ಈ’ ಬಿಟ್ಟರೆ ಏನಿದೆ? ಈಗ ರ, ಗ, ಸ, ದ, ಅ ತೆಗೆದುಕೊಳ್ಳಿ. ಸರ, ದರ, ರಸ, ಅರಸ, ಅಗಸ, ಗರಗಸ! ಐದೇ ಅಕ್ಷರ ಕಲಿತ ಮಗು ಅವತ್ತೇ ಓದುಗನಾಯಿತು. ತಾನು ಓದಿದ್ದು ತನ್ನ ಮನೆಯ ಮಾತು ಎಂದು ಅದಕ್ಕೆ ಗೊತ್ತಾಯಿತು. ಬೇಗ ಪದ ಕಟ್ಟಲು ಬರುವಂಥ ಅಕ್ಷರಗಳನ್ನು ಮೊದಲು ಕಲಿಸಿ ಎಂಬುದು ಕ್ರಮಬದ್ಧ ಓದಿನ ಪಾಠದ ಮುಖ್ಯ ಸೂತ್ರ.

ಪ್ರೆಸ್ಸಿನ ಕೇಸಿನಲ್ಲೂ ಮೊಳೆಗಳನ್ನು ಅ ಆ ಇ ಈ ಕ್ರಮದಲ್ಲೇ ಜೋಡಿಸಿಟ್ಟಿರುತ್ತಿರಲಿಲ್ಲ. ಹೆಚ್ಚು ಬಳಕೆಯದು ಕೈಗೆ ಹತ್ತಿರ, ಅಪರೂಪದ್ದು ದೂರ. ಅದರಿಂದ ಕನ್ನಡಕ್ಕೆ ಅವಮಾನವಾಯಿತೇ? ವರ್ಣಮಾಲೆಯ ಕ್ರಮ ನಮ್ಮ ಆಸ್ತಿ. ಕಂಠದಿಂದ ತುಟಿಯವರೆಗೆ ಧ್ವನಿ ಹುಟ್ಟುವ ಜಾಗದ ಪ್ರಕಾರ ಜೋಡಿಸಿದ ಅದ್ಭುತ. ನಿಘಂಟು ನೋಡಲು ಬೇಕೇ ಬೇಕು. ಅದನ್ನೂ ಕಲಿಸೋಣ. ಆದರೆ ಓದಿನ ಬಾಗಿಲು ತೆರೆಯುವ ಕ್ರಮ ಬೇರೆ ಇರಬಹುದು.

ಹಾಗೆಂದು ಕ್ರಮ ಬದಲಿಸಿದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ಬೆನ್ನು ತಟ್ಟಿಕೊಳ್ಳುವುದೂ ತಪ್ಪು. ಸರಿಹೋಗಿದ್ದರೆ 2018ರ, 2022ರ ಸಂಖ್ಯೆಗಳು ಹಾಗಿರುತ್ತಿರಲಿಲ್ಲ. ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರೇ ಮೇಷ್ಟ್ರನ್ನು ಕೊಟ್ಟು, ಕಾರ್ಡು ಹಂಚಿದರೆ ಓದು ಬರುವುದಿಲ್ಲ. ಪ್ರತಿ ಮಗುವಿನ ಓದನ್ನು ಕಿವಿಗೊಟ್ಟು ಕೇಳುವವರು ಬೇಕು.

‘ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಪಾರಾದೆವು’

ಈಗ ಎಲ್ಲಕ್ಕಿಂತ ದೊಡ್ಡ ಭ್ರಮೆಗೆ ಬಂದೆ. 1994ರಲ್ಲಿ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಎಂದು ಸರ್ಕಾರ ಆದೇಶ ಮಾಡಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಮಾಧ್ಯಮದ ಆಯ್ಕೆ ತಂದೆತಾಯಿಗೆ ಬಿಟ್ಟದ್ದು ಎಂದಿತು. ಕಾನೂನಿನ ಆ ಬಾಗಿಲು ಮುಚ್ಚಿತು. ಇನ್ನು ಉಳಿದಿರುವುದು ಒಂದೇ ದಾರಿ. ಕನ್ನಡ ಶಾಲೆಯಲ್ಲಿ ಓದು ಚೆನ್ನಾಗಿ ಬರುತ್ತದೆ ಎಂದು ತಂದೆತಾಯಿಗೆ ಕಣ್ಣಾರೆ ತೋರಿಸುವುದು.

ಇಲ್ಲಿ ಸಂಶೋಧನೆ ನಮ್ಮ ಪಕ್ಷದಲ್ಲಿದೆ! 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿಗೆ ಒಂದು ಸರಳ ಸೂತ್ರ ಕೊಟ್ಟರು. ಓದಿ ಅರ್ಥಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಅರಿಯುವ ಶಕ್ತಿಯಿಂದ ಗುಣಿಸಿದ್ದು. ಕೂಡಿಸಿದ್ದಲ್ಲ, ಗುಣಿಸಿದ್ದು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ.

ಕನ್ನಡ ಬಿಟ್ಟು ಬೇರೆ ಮಾತು ಕೇಳದ ಮಗುವನ್ನು ಇಂಗ್ಲಿಷ್ ಶಾಲೆಗೆ ಹಾಕಿ. ಅಕ್ಷರ ಬಿಡಿಸುವುದನ್ನು ಕಲಿಸಿದರು ಎಂದೇ ಇಟ್ಟುಕೊಳ್ಳಿ. ಮಾತು ಅರಿಯುವ ಶಕ್ತಿ? ಸೊನ್ನೆಯ ಹತ್ತಿರ. ಗುಣಿಸಿ ನೋಡಿ. ಮಗು ಟಸ್ ಪುಸ್ ಎಂದು ಓದುತ್ತದೆ, ಅಪ್ಪ ಅಮ್ಮ ಹಿಗ್ಗುತ್ತಾರೆ, ಮಗುವಿಗೆ ಒಂದಕ್ಷರವೂ ಅರ್ಥವಾಗಿರುವುದಿಲ್ಲ. ಅದೇ ಮಗು ಕನ್ನಡ ಶಾಲೆಗೆ ಬಂದರೆ ಸೂತ್ರದ ಎರಡನೆಯ ಭಾಗವನ್ನು ಮನೆಯಿಂದಲೇ ತಂದಿರುತ್ತದೆ. ಸಾವಿರಾರು ಮಾತುಗಳ ಗಂಟು ಅದರ ಜೊತೆಗಿದೆ. ಶಾಲೆ ಮಾಡಬೇಕಾದ್ದು ಅಕ್ಷರ ಬಿಡಿಸುವುದನ್ನು ಕಲಿಸುವುದು. ಆ ಒಂದು ಕೆಲಸವನ್ನೂ ಮಾಡದೆ ಕೈಬಿಟ್ಟರೆ ಅಲ್ಲೂ ಉತ್ತರ ಸೊನ್ನೆ. ನಮ್ಮ ಹುಡುಗನಿಗೆ ಆದದ್ದು ಅದೇ.

ನ್ಯಾಯವಾದ ಮಾತನ್ನೂ ಹೇಳಬೇಕು. ಕನ್ನಡ ಶಾಲೆಗೆ ಬರುವ ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲ. ಉರ್ದು, ತುಳು, ಕೊಂಕಣಿ, ತೆಲುಗು, ಲಂಬಾಣಿ ಆಡುವ ಮನೆಗಳಿಂದ ಬರುವ ಮಕ್ಕಳಿದ್ದಾರೆ. ಅವರಿಗೆ ಅಕ್ಷರದ ಜೊತೆಗೆ ಕನ್ನಡದ ಮಾತನ್ನೂ ಧಾರಾಳವಾಗಿ ಕೊಡಬೇಕು. ಅವರ ಮಾತನ್ನು ಹೀಯಾಳಿಸಿದರೆ ಅವರು ಕನ್ನಡಕ್ಕೆ ಹತ್ತಿರ ಬರುವುದಿಲ್ಲ. ಇಂಗ್ಲಿಷ್ ಬೇಡ ಎಂದೂ ನಾನು ಹೇಳುತ್ತಿಲ್ಲ. ಅಕ್ಷರಕ್ಕೂ ಧ್ವನಿಗೂ ನಂಟಿದೆ ಎಂಬ ಗುಟ್ಟನ್ನು ಗೊತ್ತಿರುವ ಭಾಷೆಯಲ್ಲಿ ಒಮ್ಮೆ ಕಲಿತ ಮಗು ಇನ್ನೊಂದು ಲಿಪಿಗೆ ಧೈರ್ಯವಾಗಿ ಹೋಗುತ್ತದೆ.

‘ಓದದ ಮಗು ದಡ್ಡ, ತಪ್ಪೆಲ್ಲ ಮೇಷ್ಟ್ರದು’

ಎರಡೂ ಸುಳ್ಳು. ಕೆಲವು ಮಕ್ಕಳಿಗೆ ಅಕ್ಷರ ಬಿಡಿಸುವುದು ಹುಟ್ಟಿನಿಂದಲೇ ಕಷ್ಟ. ಬುದ್ಧಿ ಚುರುಕಾಗಿಯೇ ಇರುತ್ತದೆ. ಅವರಿಗೆ ಇದೇ ಪಾಠ ಇನ್ನೂ ನಿಧಾನವಾಗಿ, ಇನ್ನೂ ಹೆಚ್ಚು ಸಲ ಬೇಕು. ಬೆತ್ತವಲ್ಲ. ಇನ್ನು ಮೇಷ್ಟ್ರು. ಓದು ಕಲಿಸುವುದು ಹೇಗೆಂದು ಅವರಿಗಾದರೂ ಸರಿಯಾಗಿ ಹೇಳಿಕೊಟ್ಟವರು ಯಾರು? ಗಣತಿ, ಚುನಾವಣೆ, ಸಮೀಕ್ಷೆ, ಬಿಸಿಯೂಟದ ಲೆಕ್ಕ ಎಲ್ಲ ಅವರ ತಲೆಗೆ ಕಟ್ಟಿ, ಮಗು ಓದಲಿಲ್ಲ ಎಂದು ಅವರನ್ನೇ ಬೈದರೆ ಹೇಗೆ?

ಬದಲಾಯಿಸಲು ಆಗುತ್ತದೆಯೇ? ಆಗುತ್ತದೆ. ಅಮೆರಿಕದ ಬಡ ರಾಜ್ಯಗಳಲ್ಲಿ ಒಂದಾದ ಮಿಸಿಸಿಪ್ಪಿ ಓದಿನಲ್ಲಿ ಸದಾ ಕೊನೆಯ ಸಾಲಿನಲ್ಲಿತ್ತು. 2013ರಲ್ಲಿ ಕಾನೂನು ಮಾಡಿದರು. ಶಿಕ್ಷಕರಿಗೆ ಸಂಶೋಧನೆ ಆಧರಿಸಿದ ತರಬೇತಿ ಕೊಟ್ಟರು, ಶಾಲೆಗೆ ಓದಿನ ಮಾರ್ಗದರ್ಶಕರನ್ನು ಕಳಿಸಿದರು, ಸಣ್ಣ ತರಗತಿಯಿಂದಲೇ ಪ್ರತಿ ಮಗುವಿನ ಓದನ್ನು ತಪಾಸಣೆ ಮಾಡಿದರು. 2019ರ ಹೊತ್ತಿಗೆ ಅಲ್ಲಿನ ನಾಲ್ಕನೇ ತರಗತಿ ಮಕ್ಕಳು ದೇಶದ ಸರಾಸರಿಗೆ ಬಂದು ನಿಂತರು. ಆರು ವರ್ಷ. ಪವಾಡವೇನೂ ನಡೆಯಲಿಲ್ಲ, ಪಟ್ಟು ಹಿಡಿದರು.

ನಾವೇನು ಮಾಡಬೇಕು?

ಗೆಳೆಯರೇ, 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಬಂದರು, ನಾಡೇ ಎದ್ದು ನಿಂತಿತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಜಾಗ ಕೇಳಿದ ಹೋರಾಟ ಅದು. ಆ ಜಾಗದಲ್ಲಿ ಕೂತ ಮಗುವಿಗೆ ಓದು ಬರಲಿ ಎಂದು ಕೇಳುವ ಹೋರಾಟ ಬಾಕಿ ಉಳಿದಿದೆ. ಅದು ನಿಮ್ಮ ತಲೆಮಾರಿನ ಪಾಲಿಗೆ ಬಂದಿದೆ.

ಮೊದಲು ನಿಮ್ಮ ಮನೆಯಿಂದ ಶುರುಮಾಡಿ. ತಮ್ಮನೋ ತಂಗಿಯೋ ಅಕ್ಕನ ಮಗಳೋ ಇದ್ದರೆ, ಪಠ್ಯಪುಸ್ತಕ ಬೇಡ, ಎಂದೂ ನೋಡಿರದ ಒಂದು ಸಣ್ಣ ಕತೆ ಕೈಗೆ ಕೊಟ್ಟು ಓದಿಸಿ. ಪಠ್ಯಪುಸ್ತಕ ಬಾಯಿಗೆ ಬಂದಿರುತ್ತದೆ, ಮೋಸ ಹೋಗುತ್ತೀರಿ. ಎಲ್ಲಿ ತಡೆಯುತ್ತದೆ ನೋಡಿ. ಒತ್ತಕ್ಷರದಲ್ಲೋ, ದೀರ್ಘದಲ್ಲೋ, ಅರ್ಥದಲ್ಲೋ? ಅಲ್ಲಿಂದ ಕಲಿಸಿ. ಊಹಿಸಲು ಬಿಡಬೇಡಿ, ಬೆರಳಿಟ್ಟು ಓದಿಸಿ. ನೀವೇ ತಡವರಿಸುತ್ತೀರಾ? ನಾಚಿಕೆ ಬೇಡ. ದಿನಕ್ಕೆ ಹತ್ತು ನಿಮಿಷ ಈ ಪತ್ರಿಕೆಯನ್ನೇ ಗಟ್ಟಿಯಾಗಿ ಓದಿ.

ಎರಡನೆಯದು, ನಿಮ್ಮ ಸಂಘದ ಪ್ರತಿ ಘಟಕ ಹತ್ತಿರದ ಒಂದು ಕನ್ನಡ ಶಾಲೆ ಆರಿಸಿಕೊಳ್ಳಲಿ. ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿಯವರನ್ನೂ ಕೇಳಿ, ಅವರು ಒಪ್ಪಿದ ಹೊತ್ತಿಗೆ ವಾರಕ್ಕೊಂದು ಗಂಟೆ ಹೋಗಿ ಮಕ್ಕಳ ಓದಿಗೆ ಕಿವಿಗೊಡಿ. ಭಾಷಣ ಬೇಡ, ಫೋಟೋ ಬೇಡ, ಶಾಲು ಬೇಡ.

ಮೂರನೆಯದು, ಸರ್ಕಾರದ ಕೊರಳಪಟ್ಟಿ ಹಿಡಿದು ಕೇಳಿ. 2021ರಲ್ಲಿ ಕೇಂದ್ರ ಸರ್ಕಾರ ‘ನಿಪುಣ್ ಭಾರತ್’ ಎಂದು ಘೋಷಿಸಿ, 2026-27ರ ಹೊತ್ತಿಗೆ ಮೂರನೇ ತರಗತಿಯ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು ಎಂದು ಗುರಿ ಇಟ್ಟಿತು. ನಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಓದುತ್ತಾರೆ? ಕನ್ನಡ ಲಿಪಿಗೆ ತಕ್ಕ ತರಬೇತಿ ಎಷ್ಟು ಶಿಕ್ಷಕರಿಗೆ ಸಿಕ್ಕಿದೆ? ನಾಲ್ಕು, ಐದನೇ ತರಗತಿಯಲ್ಲೂ ಒತ್ತಕ್ಷರದ ಪಾಠ ಏಕೆ ಇಲ್ಲ? ಓದುವ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡು ಏಕೆ ಕೂತಿದೆ? ಈ ನಾಲ್ಕು ಪ್ರಶ್ನೆಯ ಮನವಿ ಹಿಡಿದು ಬಿಇಓ ಕಚೇರಿ ಮುಂದೆ ಕೂತರೆ ಅದು ಕೂಡ ಕನ್ನಡ ಹೋರಾಟವೇ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಪ್ರತಿ ಕೆಲಸದಲ್ಲೂ ಕಟಿಂಗ್ ಆ‍ದ ಮೇಲೆ ಕಾಗದದ ಪಟ್ಟಿಗಳು ಉಳಿಯುತ್ತವೆ. ರದ್ದಿಗೆ ಹೋಗುತ್ತಿದ್ದ ಆ ಪಟ್ಟಿಗಳ ಮೇಲೆ ಈಗ ಅಕ್ಷರ, ಕಾಗುಣಿತ, ಒತ್ತು ಅಚ್ಚು ಹಾಕಿ ಚೀಟಿ ಮಾಡಿಸುತ್ತಿದ್ದೇನೆ. ಮಕ್ಕಳು ಜೋಡಿಸಿ ಪದ ಕಟ್ಟಬಹುದು, ನಾವು ಮೊಳೆ ಜೋಡಿಸಿದ ಹಾಗೆ. ಆ ಹುಡುಗ ಈಗ ಶನಿವಾರ ಸಂಜೆ ಪ್ರೆಸ್ಸಿಗೆ ಬರುತ್ತಾನೆ. ಚೀಟಿ ಕತ್ತರಿಸಲು ಕೈ ಕೊಡುತ್ತಾನೆ. ಕತ್ತರಿಸುತ್ತ ಒತ್ತುಗಳನ್ನು ಒಂದೊಂದಾಗಿ ಓದುತ್ತಾನೆ. ಮೊನ್ನೆ ಹಳೆಯ ಕರಪತ್ರ ತೆಗೆದು ‘ನಿರ್ಲಕ್ಷ್ಯ’ ಎಂಬಲ್ಲಿ ಬೆರಳಿಟ್ಟ. ನಿಧಾನವಾಗಿ ಬಿಡಿಸಿ ಓದಿದ. ಓದಿ ನನ್ನ ಮುಖ ನೋಡಿದ.

ಈ ನವೆಂಬರಿನ ಕರಪತ್ರದ ಪ್ರೂಫ್ ಅವನೇ ನೋಡಿ ಸಹಿ ಹಾಕಬೇಕು. ಅದು ನಮ್ಮಿಬ್ಬರ ಒಪ್ಪಂದ.

ನಿಮ್ಮ ಬೀದಿಯಲ್ಲೂ ಅಂಥ ಹುಡುಗ ಒಬ್ಬನಿದ್ದಾನೆ. ಹುಡುಕಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸಿರಿಗನ್ನಡಂ ಗೆಲ್ಗೆ!